ಅರ್ಜಿಯ ಹಿಂಬದಿ

ನಮ್ಮ ಭಾನುವಾರದ ಕ್ಲಾಸಿಗೆ ಗಂಟೆ ಮಾಡಿಕೊಟ್ಟವನು ನಾನೇ. ಹೈದರಾಬಾದಿನ ಬಾಲಾನಗರದ ಒಂದು ವರ್ಕ್‌ಶಾಪಿನಲ್ಲಿ ನಾನು ಲೇತ್ ಮಷೀನು ನಡೆಸುತ್ತೇನೆ. ಒಮ್ಮೆ ಅಲ್ಲಿ ದೊಡ್ಡದೊಂದು ಬೇರಿಂಗು ಕೆಟ್ಟಿತು. ಅದರ ಹೊರಗಿನ ಉಕ್ಕಿನ ಬಳೆಯನ್ನು ಮಾಲೀಕರನ್ನು ಕೇಳಿ ತಂದೆ. ಚರ್ಚಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ತೊಲೆಗೆ ಸರಪಳಿ ಹಾಕಿ ತೂಗುಬಿಟ್ಟೆ. ಬೋಲ್ಟಿನಿಂದ ಒಂದು ಏಟು ಹಾಕಿದರೆ ಪಕ್ಕದ ಶಾಲೆಯ ಗೇಟಿನವರೆಗೂ ಕೇಳುತ್ತದೆ. ಹದಿನಾಲ್ಕು ವರ್ಷ ಅದನ್ನು ಬಾರಿಸಿದವನೂ ನಾನೇ, ಬಾರಿಸಿ ಮಕ್ಕಳ ಮುಂದೆ ನಿಂತು ಕಲಿಸಿದವನೂ ನಾನೇ.

ಕಲಿಸುತ್ತಿದ್ದುದು ಧರ್ಮೋಪದೇಶ. ರಾಯಚೂರು, ಯಾದಗಿರಿ ಕಡೆಯಿಂದ ಬಂದು ಇಲ್ಲಿ ಕಟ್ಟಡದ ಕೆಲಸ ಮಾಡುವ ನಮ್ಮ ಕ್ಯಾಥೊಲಿಕ್ ಮಂದಿ ಬಹಳ. ಅವರ ಮಕ್ಕಳು ಬೀದಿಯಲ್ಲಿ ತೆಲುಗು ಆಡುತ್ತವೆ, ಅಂಗಡಿಯಲ್ಲಿ ಹಿಂದಿ. ಆದರೆ ಮೊದಲ ಪರಮಪ್ರಸಾದ, ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ತೆಗೆದುಕೊಳ್ಳುವುದು ಊರಲ್ಲೇ, ಅಜ್ಜ ಅಜ್ಜಿಯರ ಎದುರಿಗೆ, ಬಿಳಿ ಅಂಗಿ ಹಾಕಿಕೊಂಡು. ಅದಕ್ಕೆ ಮುಂಚೆ ಊರಿನ ಚರ್ಚಿನ ಗುರುಗಳು ಕನ್ನಡದಲ್ಲಿ ಪ್ರಶ್ನೆ ಕೇಳುತ್ತಾರೆ. ಉತ್ತರ ಬಾರದ ಮಗು ಮತ್ತೊಂದು ವರ್ಷ ಕಾಯಬೇಕು. ಬಸ್ಸಿನ ಚಾರ್ಜು ಖರ್ಚು ಮಾಡಿ ಹೋದ ತಂದೆತಾಯಿ ತಲೆ ತಗ್ಗಿಸಿ ವಾಪಸು ಬರಬೇಕು. ನಾನು ಕಲಿಸಿದ ಮಕ್ಕಳಲ್ಲಿ ಹಾಗೆ ಬಂದವರು ಯಾರೂ ಇರಲಿಲ್ಲ.

ನನ್ನಪ್ಪ ಊರಲ್ಲಿ ಉಪದೇಶಿ. ಗುರುಗಳು ತಿಂಗಳಿಗೊಮ್ಮೆ ಬರುವ ಹಳ್ಳಿಗಳಲ್ಲಿ ಮಿಕ್ಕ ದಿನಗಳ ಜಪ, ಪ್ರಾರ್ಥನೆ, ಮಣ್ಣುಕೊಡುವುದು ಎಲ್ಲ ಉಪದೇಶಿಯದೇ. ಅಪ್ಪ ಮಕ್ಕಳನ್ನು ಸಾಲಾಗಿ ಕೂಡಿಸಿ ತೊಡೆ ತಟ್ಟುತ್ತ ಪ್ರಶ್ನೆ ಹಾಡಿದಂತೆ ಹೇಳುತ್ತಿದ್ದ, ಮಕ್ಕಳು ಅದೇ ತಾಳದಲ್ಲಿ ಉತ್ತರ ಹೇಳುತ್ತಿದ್ದವು. ನಾನೂ ಹಾಗೆಯೇ ಕಲಿಸಿದೆ. ತೊಡೆ ತಟ್ಟಿದರೆ ಪ್ರಶ್ನೆ, ಎರಡು ಸಲ ತಟ್ಟಿದರೆ ಉತ್ತರ. ಅರ್ಥ ದೊಡ್ಡವರಾದ ಮೇಲೆ ಆಗುತ್ತದೆ ಎಂದು ಅಪ್ಪ ಅನ್ನುತ್ತಿದ್ದ. ನಾನೂ ಅದನ್ನೇ ಅಂದೆ.

ಶಾಲೆಯಲ್ಲಿ ಮಾತ್ರ ನನಗೆ ಏನೂ ಹತ್ತಲಿಲ್ಲ. ಏಳನೇ ತರಗತಿ ಫೇಲಾಗಿ ಬಿಟ್ಟೆ. ಹೈದರಾಬಾದಿಗೆ ಬಂದು ಕೆಲಸ ಕಲಿತೆ. ಇವತ್ತು ಯಾವ ಡ್ರಾಯಿಂಗು ಕೊಟ್ಟರೂ ಓದುತ್ತೇನೆ, ಮೈಕ್ರೋಮೀಟರಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದರೂ ಹಿಡಿಯುತ್ತೇನೆ. ಡಿಪ್ಲೊಮಾ ಓದಿದವರು ನನ್ನ ಹತ್ತಿರ ಕೇಳಿಕೊಂಡು ಹೋಗುತ್ತಾರೆ. ಆದರೂ ಎಷ್ಟು ಓದಿದ್ದೀರಿ ಎಂದು ಯಾರಾದರೂ ಕೇಳಿದರೆ ನನ್ನ ಬಾಯಿಗೆ ಬರುವ ಮಾತೇ ಬೇರೆ.

ಕ್ಲಾಸು ಶುರು ಮಾಡಿದ ಮೊದಲ ವರ್ಷ ಚರ್ಚಿನ ಶಾಲೆಯ ಹೆಡ್ ಮೇಡಂ ಆಗಿದ್ದ ಸಿಸ್ಟರ್ ಕೇಳಿದರು. ಅವರು ಮಂಗಳೂರು ಕಡೆಯವರು. ಅವರ ಕನ್ನಡ ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ, ಒಂದು ಸುಕ್ಕೂ ಇರುವುದಿಲ್ಲ. "ನೀವು ಎಲ್ಲಿಯವರೆಗೆ ಓದಿದ್ದೀರಿ?" ಎಂದರು. ನಾನು "ಮೆಟ್ರಿಕ್ ರೀ" ಎಂದೆ. "ಒಳ್ಳೆಯದಾಯಿತು" ಎಂದು ಸುಮ್ಮನಾದರು. ಆ ಒಂದು ಮಾತು ಹೇಳಿ ಮುಗಿಸಲು ಒಂದು ಕ್ಷಣವೂ ಬೇಕಾಗಲಿಲ್ಲ.

ಮಕ್ಕಳನ್ನು ಕಟ್ಟಡದ ಕೆಲಸ ನಡೆಯುವ ಜಾಗಗಳಿಂದ ಕರೆತರಲು ಒಂದು ಆಟೋ ಬರುತ್ತಿತ್ತು. ಅದರ ಬಾಡಿಗೆ ಫಾದರ್ ಅವರು ಅಲ್ಲಿ ಇಲ್ಲಿ ಹೊಂದಿಸಿ ಕೊಡುತ್ತಿದ್ದರು. ಬೇಸಿಗೆಯಲ್ಲಿ ತಗಡಿನ ಶೆಡ್ಡು ಕಾದು ಸಣ್ಣ ಮಕ್ಕಳಿಗೆ ವಾಂತಿಯಾಗುತ್ತಿತ್ತು. ಪುಸ್ತಕಗಳಂತೂ ಜೆರಾಕ್ಸಿನ ಜೆರಾಕ್ಸು, ಅಕ್ಷರ ಅಳಿಸಿಹೋಗಿ ಚುಕ್ಕೆಗಳಷ್ಟೇ ಉಳಿದಿದ್ದವು. ಒಂದು ದಿನ ಪೂಜೆ ಮುಗಿದ ಮೇಲೆ ಫಾದರ್ ನನ್ನನ್ನು ಕರೆದರು. ಅವರು ತೆಲುಗಿನವರು, ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ನನ್ನನ್ನು ಮೇಸ್ತ್ರಿ ಎನ್ನುತ್ತಾರೆ.

"ಮೇಸ್ತ್ರಿಗಾರು, ಒಂದು ಟ್ರಸ್ಟು ಇದೆ. ಚರ್ಚುಗಳಲ್ಲಿ, ಚರ್ಚಿನ ಶಾಲೆಗಳಲ್ಲಿ ಮಕ್ಕಳಿಗೆ ಧರ್ಮ ಕಲಿಸಲಿಕ್ಕೆ ಅನುದಾನ ಕೊಡುತ್ತಾರಂತೆ" ಎಂದು ತೆಲುಗಿನಲ್ಲಿ ಹೇಳಿದರು. "ಬಂದರೆ ಆಟೋ ಸಿಗುತ್ತದೆ, ಪುಸ್ತಕ ಸಿಗುತ್ತದೆ, ಶಾಲೆಯಲ್ಲೇ ಒಂದು ರೂಮಿಗೆ ಫ್ಯಾನು, ಬೆಂಚು ಹಾಕಿಸಬಹುದು. ಬರದಿದ್ದರೆ ಆಟೋ ನಡೆಸುವುದು ಇನ್ನು ನನ್ನಿಂದ ಆಗುವುದಿಲ್ಲ. ಈ ಫಾರಂ ನಿಂಪಿ ಆದಿವಾರಂ ಇವ್ವಂಡಿ, ತುಂಬಿ ಭಾನುವಾರ ಕೊಡಿ. ಗೊತ್ತಾಗದಿದ್ದರೆ ಸಿಸ್ಟರ್ ಹತ್ತಿರ ಹೋಗಿ, ಅವರು ತುಂಬಿಸಿ ಕೊಡುತ್ತಾರೆ."

ಆಟೋ ಇಲ್ಲದಿದ್ದರೆ ಮಕ್ಕಳು ಇಲ್ಲ. ಮಕ್ಕಳು ಇಲ್ಲದಿದ್ದರೆ ಕ್ಲಾಸು ಇಲ್ಲ. ಅರ್ಜಿಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡೆ. ಸಿಸ್ಟರ್ ಆಫೀಸು ಅಲ್ಲೇ ಇಪ್ಪತ್ತು ಹೆಜ್ಜೆ. ನಾನು ಗೇಟಿನ ಕಡೆ ನಡೆದೆ.

ಮನೆಯಲ್ಲಿ ಅದನ್ನು ಹೆಂಡತಿಯ ಮುಂದೆ ಹಾಕಿದೆ. ಅವಳು ಎಸ್ಸೆಸ್ಸೆಲ್ಸಿ ಪಾಸು. ಇಂಗ್ಲಿಷನ್ನು ಬೆರಳಿಟ್ಟು ಓದುತ್ತಾಳೆ, ಆದರೆ ಓದುತ್ತಾಳೆ. ಮೂಸಾಪೇಟೆಯ ಒಂದು ಟೇಲರ್ ಅಂಗಡಿಗೆ ಮನೆಯಿಂದಲೇ ಬ್ಲೌಸು ಹೊಲಿದುಕೊಡುವುದು ಅವಳ ಕೆಲಸ. ಮಷೀನಿನಿಂದ ಎದ್ದು ಬಂದು ಕೂತಳು.

"ಕಲಿಸುವವರ ಹೆಸರು. ವಯಸ್ಸು. ವಿದ್ಯಾಭ್ಯಾಸ…" ಓದುತ್ತ ಬೆರಳು ನಿಲ್ಲಿಸಿದಳು. "ಕಮ್ಮೀತ್ ಕಮ್ಮಿ ಟೆನ್ತ್ ಅಂತರಿ. ಸರ್ಟಿಫಿಕೇಟ್ ಹಚ್ಚಬೇಕಂತ."

ನಾನು ಶಿಫ್ಟಿನ ಅಂಗಿ ಹಾಕಿಕೊಳ್ಳತೊಡಗಿದೆ.

"ಸಿಸ್ಟರ್‌ಗೆ ಒಂದ್ ಮಾತು ಕೇಳ್ರಲಾ. ಅವರಿಗೆ ಎಲ್ಲಾ ಗೊತ್ತಿರ್ತೈತಿ."

"ಏನಂತ ಕೇಳ್ಲಿ? ಮೆಟ್ರಿಕ್ ಅಂತ ಹೇಳೀನಿ ಅಕಿ ಮುಂದ."

ಅವಳು ನಗು ತಡೆದುಕೊಂಡಳು. "ಮೆಟ್ರಿಕ್? ನೀವು? ಯಾವ ಸಾಲ್ಯಾಗ್ರಿ, ಲೇತ್ ಸಾಲ್ಯಾಗ?"

"ನಗಬ್ಯಾಡ. ನಿನ್ನ ಹೆಸರು ಬರಿ."

"ನಂದಾ? ನಾ ಏನ್ ಟೀಚರೇನ್ರಿ? ನನಗ ಹತ್ತು ಆಜ್ಞಾ ಸಾಲಾಗಿ ಹೇಳಾಕ ಬರಂಗಿಲ್ಲ. ಆರಕ್ಕ ಬಂದ ಕೂಡ್ಲೆ ತಪ್ಪತೈತಿ."

"ಕಾಗದದಾಗ ಅಷ್ಟ. ಕಲಸಾಂವ ನಾನ. ನನ್ನ ಹೆಸರು ಹೆಲ್ಪರ್ ಅಂತ ಹಾಕು. ಯಾರು ಬಂದು ನೋಡ್ತಾರ?"

"ತಡೀರಿ, ಹಿಂದಿನ ಪುಟದಾಗ ಇನ್ನೂ ಐತಿ. ಅದನ್ನೂ ಓದೂಣು."

"ಸಾಕು. ಉಳಿದದ್ದು ತುಂಬಿ ಇಡು, ನಾ ಶಿಫ್ಟಿಗೆ ಹೋಗಬೇಕು."

ಅವಳು ಟ್ರಂಕಿನಿಂದ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಮಾರ್ಕ್ಸ್ ಕಾರ್ಡು ತೆಗೆದಳು. ನಮ್ಮ ಮದುವೆಯ ಚರ್ಚಿನ ಪತ್ರದ ಜೊತೆ ಅದನ್ನು ಇಟ್ಟಿದ್ದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಅದನ್ನು ನೋಡಿರಲಿಲ್ಲ. ಕನ್ನಡದಲ್ಲಿ ಫಸ್ಟ್ ಕ್ಲಾಸಿನ ಅಂಕ ಬಂದಿತ್ತು. ಒಂದು ಸಲ ನೋಡಿ ವಾಪಸು ಕೊಟ್ಟೆ. ಭಾನುವಾರ ಅರ್ಜಿಯನ್ನು ಫಾದರ್ ಕೈಗೆ ಕೊಟ್ಟು, "ನನಗೆ ಭಾನುವಾರವೂ ಡ್ಯೂಟಿ ಬೀಳಬಹುದು, ಮನೆಯವಳ ಹೆಸರು ಇರಲಿ" ಎಂದೆ. ಅವರು ಸಹಿ ಮಾಡಿ ಕಳಿಸಿದರು.

ಅನುದಾನ ಮಂಜೂರಾಯಿತು. ಫಾದರ್ ಪೂಜೆಯ ಕೊನೆಗೆ ಮೈಕಿನಲ್ಲಿ ಹೇಳಿದರು, ಮಂದಿ ಚಪ್ಪಾಳೆ ಹೊಡೆದರು. ಜೊತೆಗೆ ಒಂದು ಕಾಗದ ಬಂದಿತ್ತು. ಅರ್ಜಿಯಲ್ಲಿ ಹೆಸರಿರುವ ಟೀಚರು ಸಿಕಂದರಾಬಾದಿನಲ್ಲಿ ಹತ್ತು ದಿನದ ತರಬೇತಿಗೆ ಹಾಜರಾಗಲೇಬೇಕು. ತರಬೇತಿ ಪಡೆದವರೇ ಕ್ಲಾಸು ತೆಗೆದುಕೊಳ್ಳಬೇಕು. ಟ್ರಸ್ಟಿನವರು ವರ್ಷದ ನಡುವೆ ಬಂದು ನೋಡುತ್ತಾರೆ.

ಅದನ್ನು ಹೆಂಡತಿಗೆ ಹೇಳಿದಾಗ ಅವಳು ಹಲ್ಲಿನಿಂದ ದಾರ ಕಡಿಯುತ್ತಿದ್ದಳು. "ಈಗ ಏನ್ ಮಾಡೂದ್ರಿ?" ಎಂದಳು.

"ಹೋಗಿ ಕುಂತು ಬಾ. ಹತ್ತು ದಿನ."

ಹೋದಳು. ಹತ್ತು ದಿನ ನಾನೇ ಅನ್ನ ಮಾಡಿಕೊಂಡೆ. ಅವಳು ದಿನಾ ಸಂಜೆ ಬಸ್ಸಿಳಿದು ಬಂದು ನೋಟ್‌ಬುಕ್ಕಿನಲ್ಲಿ ಏನೇನೋ ಬರೆಯುತ್ತ ಕೂರುತ್ತಿದ್ದಳು. ಬ್ಲೌಸುಗಳು ಹಾಗೇ ಬಿದ್ದಿದ್ದವು. ಏನು ಹೇಳಿಕೊಟ್ಟರು ಎಂದು ನಾನು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಕೊನೆಯ ದಿನ ಒಂದು ಸರ್ಟಿಫಿಕೇಟು ತಂದಳು. ಅದನ್ನು ಗೋಡೆಗೆ ಹಾಕಲಿಲ್ಲ, ಅದೇ ಪ್ಲಾಸ್ಟಿಕ್ ಕವರಿನಲ್ಲಿ ಮಾರ್ಕ್ಸ್ ಕಾರ್ಡಿನ ಜೊತೆ ಇಟ್ಟಳು.

ಮೊದಲ ಭಾನುವಾರ ಶಾಲೆಯ ಹೊಸ ರೂಮಿನಲ್ಲಿ ಕ್ಲಾಸು. ನಾನು ಗಂಟೆ ಬಾರಿಸಿ ಬಂದೆ. ಮಕ್ಕಳು ಅಭ್ಯಾಸದಂತೆ ಸಾಲಾಗಿ ಕೂತು ನನ್ನ ಕಡೆ ನೋಡಿದವು. ಅವಳು "ಎಲ್ಲಾರೂ ದುಂಡಗ ಕುಂದರ್ರಿ" ಎಂದಳು. ಬೆಂಚುಗಳನ್ನು ಸರಿಸಬೇಕಾಯಿತು. ಸರಿಸಿದವನು ನಾನು. ಆಮೇಲೆ ಎಲ್ಲಿ ಕೂರಬೇಕು ಎಂದು ತಿಳಿಯದೆ ಬಾಗಿಲ ಹತ್ತಿರ ನಿಂತೆ.

ಕೆಲವು ವಾರ ಹಾಗೇ ಹೋಯಿತು. ನಡುನಡುವೆ ಅವಳು ಒಂದು ಮಾತಿಗೆ ತಡವರಿಸಿದರೆ ನಾನು ಹೇಳುತ್ತಿದ್ದೆ. ಬರಬರುತ್ತ ತಡವರಿಸುವುದು ನಿಂತಿತು. ಅವಳು ತೊಡೆ ತಟ್ಟಿಸಲಿಲ್ಲ. ಬ್ಲೌಸಿನ ಚೂರುಗಳಿಂದ ಸಣ್ಣ ಗೊಂಬೆಗಳನ್ನು ಹೊಲಿದು ತಂದಳು. ತಪ್ಪಿಹೋದ ಕುರಿಯ ಕಥೆ ಹೇಳಿದಳು. ಒಂದು ದಿನ ಪಾಪನಿವೇದನೆಯ ಪಾಠ. ನಾನು ಮೂಲೆಯಲ್ಲಿ ಸ್ಟೂಲಿನ ಮೇಲೆ ನಿಂತು ಫ್ಯಾನಿನ ರೆಕ್ಕೆ ಬಿಗಿ ಮಾಡುತ್ತಿದ್ದೆ.

"ಈ ವಾರ ಯಾರ್ಯಾರು ಏನೇನು ತಪ್ಪು ಮಾಡೀರಿ, ಹೇಳ್ರಿ ನೋಡೂಣು" ಎಂದಳು.

ಸೆಂಟ್ರಿಂಗ್ ಕೆಲಸದವರ ಮನೆಯ ಒಂದು ಹುಡುಗಿ ಎದ್ದು ನಿಂತಿತು. "ಟೀಚರ್, ನಾ ತಂಗಿ ಪಾಲಿನ ಬಿಸ್ಕೀಟು ತಿಂದ್ನಿ."

"ತಿಂದಿ. ಆಮ್ಯಾಲೆ?"

"ಅವ್ವ ಕೇಳಿದ್ಲು. ನಾ ಅಲ್ಲ, ಇಲಿ ತಿಂತು ಅಂದ್ನಿ."

"ಎರಡಾದ್ವು ನೋಡು."

"ಇಲಿಗೆ ಅವ್ವ ಔಷಧಿ ಇಟ್ಲು ಟೀಚರ್."

ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ನನ್ನ ಹೆಂಡತಿಯೂ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಹದಿನಾಲ್ಕು ವರ್ಷದಲ್ಲಿ ನನ್ನ ಕ್ಲಾಸಿನಲ್ಲಿ ಯಾವ ಮಗುವೂ ಇಷ್ಟು ಮಾತಾಡಿರಲಿಲ್ಲ. ನಾನು ಸ್ಕ್ರೂ ಬಿಗಿ ಮಾಡಿ ಇಳಿದೆ. ಆ ಮಕ್ಕಳು ಮೊದಲು ಅವಳನ್ನು ಅತ್ತಿ ಎನ್ನುತ್ತಿದ್ದವು. ಟೀಚರ್ ಎನ್ನಲು ಯಾವತ್ತು ಶುರು ಮಾಡಿದವು ಎಂದು ನೆನಪಿಲ್ಲ. ನನ್ನನ್ನು ಉಪದೇಶಿ ಮಾಮಾ ಎನ್ನುತ್ತಿದ್ದವು. ಅದು ಯಾವತ್ತು ಬರೀ ಮಾಮಾ ಆಯಿತೋ, ಅದೂ ನೆನಪಿಲ್ಲ.

ಟ್ರಸ್ಟಿನಿಂದ ಒಬ್ಬ ಹೆಣ್ಣುಮಗಳು ಬಂದು ನೋಡಿದರು. ಕುತ್ತಿಗೆಯಲ್ಲಿ ಕಾರ್ಡು, ಕೈಯಲ್ಲಿ ಫೈಲು. ನಾನು ಆಗಷ್ಟೇ ಆಟೋದಿಂದ ಕೊನೆಯ ಮಗುವನ್ನು ಇಳಿಸಿಕೊಂಡು ಬಂದಿದ್ದೆ. ಅವರು ಅರ್ಧ ತಾಸು ಕೂತು ಮಕ್ಕಳ ಜೊತೆ ನಕ್ಕರು, ಗೊಂಬೆಗಳ ಫೋಟೋ ತೆಗೆದುಕೊಂಡರು. ಹೋಗುವಾಗ ನನ್ನನ್ನು ನೋಡಿ, "ಅಂಕಲ್, ಆಪ್ ಆಟೋ ಡ್ರೈವರ್ ಹೈಂ?" ಎಂದರು.

"ಹಾಂ ಜೀ" ಎಂದೆ. ಯಾಕೆ ಹಾಗೆ ಅಂದೆ ಎಂದು ಈಗಲೂ ಹೇಳಲಾರೆ. 

ಹೆಂಡತಿ ಓಡಿ ಬಂದಳು. "ನಹೀಂ ಮೇಡಂ, ಯೇ ಮೇರೆ ಹಸ್ಬೆಂಡ್ ಹೈಂ."

ಅವರು ಫೈಲು ತಿರುವಿ ನೋಡಿ, "ಓ, ಹೆಲ್ಪರ್! ವೆರಿ ಗುಡ್" ಎಂದು ನನ್ನ ಕೈ ಕುಲುಕಿದರು.

ಮಾರನೆಯ ದಿನ ವರ್ಕ್‌ಶಾಪಿನಲ್ಲಿ ಒಂದು ಶಾಫ್ಟು ಕಡೆಯುತ್ತಿದ್ದೆ. ಕಾದ ಉಕ್ಕಿನ ಸುರುಳಿಯೊಂದು ಹಾರಿ ಮುಂಗೈ ಮೇಲೆ ಕೂತಿತು. ನನಗೆ ಗೊತ್ತೇ ಆಗಲಿಲ್ಲ, ಪಕ್ಕದ ಮಷೀನಿನವನು ಕೂಗಿದ ಮೇಲೆ ಕೈ ನೋಡಿಕೊಂಡೆ. ಬೊಬ್ಬೆ ಎದ್ದಿತ್ತು. ಶಾಫ್ಟಿನ ಅಳತೆ ಮಾತ್ರ ಸರಿಯಾಗಿತ್ತು.

ವರ್ಷದ ಕೊನೆಗೆ ಒಂದು ದಿನ ಸಿಸ್ಟರ್ ಶಾಲೆಯ ಅಂಗಳದಲ್ಲಿ ಸಿಕ್ಕರು. "ನಿಮ್ಮ ಮನೆಯವರು ಬಹಳ ಚೆನ್ನಾಗಿ ಕಲಿಸುತ್ತಾರೆ" ಎಂದರು. ಆಮೇಲೆ ನನ್ನ ಮುಖ ನೋಡಿ, "ಆದರೆ ಒಂದು ನನಗೆ ಅರ್ಥವಾಗಲಿಲ್ಲ. ನಿಮ್ಮ ಹೆಸರನ್ನೇ ಯಾಕೆ ಹಾಕಲಿಲ್ಲ?" ಎಂದರು.

"ಡ್ಯೂಟಿ ಇತ್ತರಿ ಸಿಸ್ಟರ್. ಮತ್ತ, ಸರ್ಟಿಫಿಕೇಟು…"

"ಸರ್ಟಿಫಿಕೇಟ್ ಇಲ್ಲದವರಿಗೆಂದೇ ಅರ್ಜಿಯ ಹಿಂದಿನ ಪುಟದಲ್ಲಿ ಜಾಗ ಇತ್ತಲ್ಲ? ಐದು ವರ್ಷಕ್ಕಿಂತ ಹೆಚ್ಚು ಕಲಿಸಿದ ಅನುಭವ ಇದ್ದರೆ ಓದು ಬೇಕಾಗಿಲ್ಲ, ಗುರುಗಳ ಒಂದು ಪತ್ರ ಸಾಕು. ನೀವು ಹದಿನಾಲ್ಕು ವರ್ಷ ಕಲಿಸಿದ್ದೀರಿ. ಅರ್ಜಿ ಬಂದ ದಿನವೇ ನಾನು ಆ ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ ಫಾದರ್ ಕೈಗೆ ಕೊಟ್ಟಿದ್ದೆ, ನೀವು ಬರುತ್ತೀರಿ ಅಂತ ಕಾದೆ ಮಾರಾಯ್ರೆ."

ಮೆಟ್ರಿಕ್ ಎಂದು ಹೇಳಿದವನಿಗೆ ಆ ಸಾಲು ಬೇಕಾಗುತ್ತದೆ ಎಂದು ಅವರು ಗುರುತು ಹಾಕಿದ್ದರು. ಅಂದರೆ ಮೊದಲಿನಿಂದಲೂ ಅವರಿಗೆ ಗೊತ್ತಿತ್ತು. ಅವರ ಮುಖದಲ್ಲಿ ಏನೂ ಇರಲಿಲ್ಲ, ಮಕ್ಕಳಿಗೆ ಹೋಂವರ್ಕ್ ಹೇಳಿದಷ್ಟು ಸಾದಾ ಇತ್ತು. ನಾನು "ಹೌದೇನ್ರಿ" ಎಂದೆ. 

ಮನೆಗೆ ಬಂದಾಗ ಅವಳು ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲೇ ನಿಂತು ಕೇಳಿದೆ.

"ಅವತ್ತು ಆ ಫಾರಂ ಹಿಂದಿನ ಪುಟ ಓದಿದ್ದೇನು?"

"ಓದಿದ್ನಿ."

"ಪೆನ್ಸಿಲ್ ಗುರುತು ಇತ್ತೇನು?"

"ಇತ್ತು."

"ಮತ್ಯಾಕ ಹೇಳ್ಲಿಲ್ಲ?"

ಅವಳ ಕೈ ನಿಲ್ಲಲಿಲ್ಲ. ರೊಟ್ಟಿ ತಿರುಗುತ್ತಲೇ ಇತ್ತು. "ತಡೀರಿ ಅಂದ್ನಿ. ಸಾಕು ಅಂದ್ರಿ, ಎದ್ದು ಹೋದ್ರಿ."

"ಶಿಫ್ಟ್ ಮುಗಿಸಿ ಮನಿಗೆ ಬಂದಿದ್ನಲ್ಲ. ಭಾನುವಾರಕ್ಕ ಇನ್ನಾ ಮೂರು ದಿನ ಇತ್ತು."

ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ಆಮೇಲೆ ನನ್ನ ಕಡೆ ನೋಡಿದಳು. "ಟೀಚರ್ ಅಂತ ಇದ್ದ ಕಡೆ ನನ್ನ ಹೆಸರು ಬರದಿದ್ನಿ. ನೋಡಾಕ ಚಲೋ ಕಂಡ್ತು. ಅಳಸಾಕ ಮನಸ್ಸ ಬರ್ಲಿಲ್ರಿ." ಹಂಚಿನ ಕಡೆ ತಿರುಗಿ ಮತ್ತೆ ಅಂದಳು, "ಬೈಯೂದಿದ್ರ ಬೈದು ಬಿಡ್ರಿ. ರೊಟ್ಟಿ ಹೊತ್ತತೈತಿ."

ನಾನು ಬೈಯಲಿಲ್ಲ. ಕೈಕಾಲು ತೊಳೆದು ಬಂದು ಕೂತೆ. ಅವಳು ರೊಟ್ಟಿ, ಪುಂಡಿಪಲ್ಯ ಇಟ್ಟಳು. ತಿಂದೆ. ಬಿಸಿ ಇತ್ತೋ ಇಲ್ಲವೋ ಎಂದು ಕೇಳಿದರೆ ಹೇಳಲಾರೆ.

ಮುಂದಿನ ವರ್ಷದ ಅನುದಾನಕ್ಕೆ ಮತ್ತೆ ಅದೇ ಅರ್ಜಿ ಬಂತು. ಭಾನುವಾರ ಕ್ಲಾಸಿಗೆ ಮುಂಚೆ ಸಿಸ್ಟರ್ ನನ್ನನ್ನು ತಮ್ಮ ಆಫೀಸಿಗೆ ಕರೆಸಿದರು. "ಈ ಸಲ ಇಲ್ಲೇ ತುಂಬಿಸೋಣ" ಎಂದು ಎದುರಿನ ಕುರ್ಚಿ ತೋರಿಸಿದರು. ಹದಿನೈದು ವರ್ಷದಲ್ಲಿ ನಾನು ಆ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು.

"ಎರಡೂ ಪುಟ ಓದಿ ಹೇಳ್ರಿ ಸಿಸ್ಟರ್" ಎಂದೆ.

ಅವರು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಕನ್ನಡ ಮಾಡಿ ಓದಿದರು. ಅನುಭವದ ಸಾಲು ಬಂದಾಗ ಓದಿ, ನಿಂತು, ಮುಂದಕ್ಕೆ ಹೋದರು. ಆಮೇಲೆ ಮೊದಲ ಪುಟಕ್ಕೆ ಬಂದು ಪೆನ್ನು ಹಿಡಿದರು. "ಕಲಿಸುವವರ ಹೆಸರು?" ಎಂದು ನನ್ನನ್ನೇ ನೋಡಿದರು.

ಹೊರಗೆ ಆಟೋ ಬಂದ ಸದ್ದಾಯಿತು. ಮಕ್ಕಳು ಇಳಿದು ರೂಮಿನ ಕಡೆ ಓಡುವುದು ಕಿಟಕಿಯಲ್ಲಿ ಕಾಣುತ್ತಿತ್ತು. ಬಿಸ್ಕತ್ತಿನ ಹುಡುಗಿ ಎಲ್ಲರಿಗಿಂತ ಮುಂದೆ ಇತ್ತು. ನಾನು ಹೆಂಡತಿಯ ಹೆಸರು ಹೇಳಿದೆ.

"ಖಂಡಿತವಾ? ನೋಡಿ, ಈ ಸಲ ಯಾವ ಅಡ್ಡಿಯೂ ಇಲ್ಲ."

"ಅಕಿನ ಕಲಸಾಕತ್ತಾಳರಿ."

ಬರೆದರು. "ಸಹಾಯಕರು?"

ನನ್ನ ಹೆಸರು ಹೇಳಿದೆ.

"ಸಹಾಯಕರ ವಿದ್ಯಾಭ್ಯಾಸ…" ಎಂದು ಓದಿ ಪೆನ್ನು ಎತ್ತಿದರು. "ಇದನ್ನು ಖಾಲಿ ಬಿಡಬಹುದು. ಕಡ್ಡಾಯ ಇಲ್ಲ."

"ಏಳನೇತ್ತೆ ಫೇಲ್ ಅಂತ ಬರೀರಿ."

"ಏಳನೇ ತರಗತಿ ಎಂದರೆ ಸಾಕಲ್ಲ. ಫೇಲ್ ಅಂತ ಯಾರೂ ಬರೆಯುವುದಿಲ್ಲ."

"ನಾ ಬರೀತೀನ್ರಿ, ಕೊಡ್ರಿ ಇಲ್ಲಿ."

ಪೆನ್ನು ಕೊಟ್ಟರು. ಅರ್ಜಿಯೆಲ್ಲ ಇಂಗ್ಲಿಷಿನಲ್ಲಿತ್ತು. ನಾನು ಆ ಒಂದು ಗೆರೆಯ ಮೇಲೆ ಕನ್ನಡದಲ್ಲಿ ಬರೆದೆ, ಡ್ರಾಯಿಂಗಿನ ಮೇಲೆ ಅಳತೆ ಬರೆಯುವಾಗಿನ ಹಾಗೆ, ಒಂದೊಂದು ಅಕ್ಷರ ಬೇರೆ ಬೇರೆಯಾಗಿ. ಸಿಸ್ಟರ್ ಓದಿದರು, ಕಾಗದವನ್ನು ಫೈಲಿಗೆ ಹಾಕಿದರು.

ಹೊರಗೆ ಬಂದರೆ ಹೆಂಡತಿ ರೂಮಿನ ಬಾಗಿಲಲ್ಲಿ ಗೊಂಬೆಗಳ ಚೀಲ ಹಿಡಿದು ನಿಂತಿದ್ದಳು. "ಎಲ್ಲಿ ಹೋಗಿದ್ರಿ? ಹೊತ್ತಾತು, ಗಂಟಿ ಬಾರಸ್ರಿ. ನಾಕು ಹುಡುಗ್ರು ಇನ್ನೂ ಗೇಟಿನಾಗ ಅದಾವ."

"ಫಾರಂ ತುಂಬಿದ್ನಿ" ಎಂದೆ.

"ಯಾರ ಹೆಸರು?"

"ನಿಂದ."

ಅವಳು ಚೀಲವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡಳು. ಒಳಗೆ ಹೋದಳು.

ನಾನು ಹಿಂದಿನ ಶೆಡ್ಡಿಗೆ ಹೋದೆ. ಈಗ ಅಲ್ಲಿ ಸೈಕಲ್ಲು ನಿಲ್ಲಿಸುತ್ತಾರೆ. ಬಳೆ ಅದೇ ತೊಲೆಗೆ ತೂಗುತ್ತಿದೆ, ಬೋಲ್ಟು ಅದೇ ಮೊಳೆಗೆ. ತೆಗೆದುಕೊಂಡು ಹೊಡೆದೆ. ಎಂದಿಗಿಂತ ಜೋರಾಗಿ ಬಿತ್ತೇನೋ, ಏಟು ಮೊಣಕೈವರೆಗೂ ಹತ್ತಿತು. ಕೈ ಜುಂ ಎಂದಿತು. ಅಷ್ಟು ನನಗೆ ಗೊತ್ತಾಯಿತು. ಗೇಟಿನಲ್ಲಿದ್ದ ನಾಲ್ಕು ಮಕ್ಕಳು ಓಡುವುದು ಕಾಣಿಸಿತು. ನಾನು ಇನ್ನೂ ಎರಡು ಏಟು ಹೊಡೆದೆ.